ಆರ್ಟ್ ಪೇಪರ್: ಫಿನ್‌ಲೆಂಡ್, ಅಮೆರಿಕ, ಚೀನಾ ಅಂಕಿ ಹೋಲಿಸೋದು ಹೇಗೆ?

ಹುಬ್ಬಳ್ಳಿ ಪ್ರೆಸ್:
ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಆಫ್‌ಸೆಟ್ ಪ್ರೆಸ್. ಮಷಿನ್ ಅಪ್ಪ ನೋಡಿಕೊಳ್ತಾರೆ, ಲೆಕ್ಕಪತ್ರ ನನ್ನದು. 2022ರಲ್ಲಿ ಆರ್ಟ್ ಪೇಪರ್ (ಲೇಪನ ಹಚ್ಚಿದ ನುಣುಪು ಕಾಗದ) ದರ ಏರಿದ ರೀತಿಗೆ ನಾವು ಕಂಗಾಲಾದೆವು. ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಒಪ್ಪಿಕೊಂಡಿದ್ದ ಕ್ಯಾಲೆಂಡರ್ ಕೆಲಸವನ್ನು ಕೈಯಿಂದ ಹಾಕಿ ಮುಗಿಸಿಕೊಟ್ಟೆವು.

ಆಗಿನಿಂದ ಈ ಕಾಗದ ಎಲ್ಲಿ, ಎಷ್ಟು ತಯಾರಾಗುತ್ತೆ ಅಂತ ಹುಡುಕುತ್ತಿದ್ದೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕಾಗದದ ಅಂಕಿಗಳನ್ನೂ ಕೊಡುತ್ತದೆ. ಅದನ್ನಿಟ್ಟುಕೊಂಡು ಗ್ರಾಫ್ ಮಾಡಿದೆ. 2000ದ ನಂತರ ಚೀನಾ ಮೇಲೆ ಹೋಗಿದೆ, ಅಮೆರಿಕ ಮತ್ತು ಫಿನ್‌ಲೆಂಡ್ ಕೆಳಗೆ ಬಂದಿವೆ. ಹಾಗಾದರೆ ಚೀನಾದಿಂದಲೇ ಅಲ್ಲಿನ ಮಿಲ್ಲುಗಳು ಮುಚ್ಚಿದವಾ? ಟನ್ನಿಗೆ ಟನ್ ಹೋಲಿಸಿದರೆ ಸರೀನಾ?

ಔಲು ಕನ್ನಡಿಗ:
ಮೇಡಂ, ನಾನಿರುವುದು ಉತ್ತರ ಫಿನ್‌ಲೆಂಡಿನ ಔಲು ಊರಲ್ಲಿ. ಇಲ್ಲಿನ ಸ್ಟೋರಾ ಎನ್ಸೋ ಕಂಪನಿಯ ಮಿಲ್ಲಿಗೆ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಆರ್ಟ್ ಪೇಪರ್ ಮಾಡುವ ಶಕ್ತಿ ಇತ್ತು. 2020ರಲ್ಲಿ ಆ ಕಾಗದ ನಿಂತೇ ಹೋಯಿತು. ಆದರೆ ಮಿಲ್ ಮುಚ್ಚಲಿಲ್ಲ. ಒಂದು ಮಷಿನ್ನನ್ನು ಬದಲಿಸಿ, ರಟ್ಟಿನ ಪೆಟ್ಟಿಗೆಯ ಹೊರಪದರಕ್ಕೆ ಬೇಕಾದ ಕ್ರಾಫ್ಟ್‌ಲೈನರ್ ಮಾಡತೊಡಗಿದರು. ಗಾಳಿ ನಮ್ಮ ಕಡೆ ತಿರುಗಿದ ದಿನ ಮಿಲ್ಲಿನಿಂದ ಬೇಯಿಸಿದ ಕೋಸಿನಂಥ ವಾಸನೆ ಈಗಲೂ ಮನೆಯೊಳಗೆ ಬರುತ್ತೆ. ನೂರು ಕಿಲೋಮೀಟರ್ ಆಚೆ ಕೆಮಿಯಲ್ಲಿ ಮಾತ್ರ ಹೀಗಾಗಲಿಲ್ಲ. ಅಲ್ಲಿನ ಸ್ಟೋರಾ ಎನ್ಸೋ ಮಿಲ್ಲಿನಲ್ಲಿ 2021ರಲ್ಲಿ ಕಾಗದದ ಕೆಲಸ ಪೂರ್ತಿ ನಿಂತು ಸುಮಾರು 670 ಜನರ ಅನ್ನಕ್ಕೆ ಕಲ್ಲು ಬಿತ್ತು. ನಿಮ್ಮ ಗ್ರಾಫಿನಲ್ಲಿ ಎರಡೂ ಒಂದೇ ಇಳಿಜಾರು.

ಚೀನಾ ಮುಖ್ಯ ಕಾರಣ ಅಂತ ನನಗೆ ಅನ್ನಿಸೋದಿಲ್ಲ. ಚೀನಾದ ಕೋಟೆಡ್ (ಲೇಪನ ಹಚ್ಚಿದ) ಕಾಗದದ ಮೇಲೆ ಅಮೆರಿಕ 2010ರಲ್ಲಿ, ಯುರೋಪಿಯನ್ ಒಕ್ಕೂಟ 2011ರಲ್ಲಿ ಹೆಚ್ಚುವರಿ ಸುಂಕ ಹಾಕಿದವು. ಆಮೇಲೂ ಎರಡೂ ಕಡೆ ಮಿಲ್ಲುಗಳು ಮುಚ್ಚುತ್ತಲೇ ಹೋದವು. ಅಮೆರಿಕದ ಮೇರಿಲ್ಯಾಂಡಿನ ಲ್ಯೂಕ್‌ನಲ್ಲಿ 1888ರಿಂದ ನಡೆಯುತ್ತಿದ್ದ ಮಿಲ್ 2019ರಲ್ಲಿ ನಿಂತಿತು. ಓದುವವರು ಫೋನಿಗೆ ಹೋದರು, ಅಷ್ಟೇ. ಐಕಿಯಾ ಒಂದು ಕಾಲದಲ್ಲಿ ವರ್ಷಕ್ಕೆ 20 ಕೋಟಿ ಕ್ಯಾಟಲಾಗ್ ಅಚ್ಚು ಹಾಕಿಸುತ್ತಿತ್ತು. 2021ರ ಸಂಚಿಕೆಯೇ ಕೊನೆಯದು.

ಅಂದಹಾಗೆ ನಿಮಗೆ ಪೆಟ್ಟು ಬಿದ್ದ ಅದೇ 2022ರಲ್ಲಿ ಇಲ್ಲಿ ಯುಪಿಎಂ ಕಂಪನಿಯ ಮಿಲ್ಲುಗಳಲ್ಲಿ ಜನವರಿಯಿಂದ ಏಪ್ರಿಲ್ 22ರ ತನಕ ಮುಷ್ಕರ ಇತ್ತು. ಯುರೋಪಿನ ಪ್ರೆಸ್‌ಗಳೂ ಕಾಗದಕ್ಕೆ ಪರದಾಡಿದವು.

ಸುಲ್ತಾನ್‌ಪೇಟೆ ಪೇಪರ್:
ನೋಡಮ್ಮ, ಟನ್ ಲೆಕ್ಕದ ವಿಷಯ ನಾನು ಹೇಳ್ತೀನಿ. ಆರ್ಟ್ ಪೇಪರ್ ಹಾಳೆಯ ಮೂಲೆಗೆ ಒದ್ದೆ ಬೆರಳು ಒತ್ತಿ ಉಜ್ಜು. ಬೆರಳಿಗೆ ಬಿಳಿ ಹತ್ತುತ್ತೆ. ಅದು ಚೀನಿ ಮಣ್ಣು, ಸುಣ್ಣದ ಕಲ್ಲಿನ ಪುಡಿ. ತೂಕದಲ್ಲಿ ಮೂರನೇ ಒಂದು ಪಾಲು ಅದೇ ಇರುತ್ತೆ. ಲೇಪನ ಇಲ್ಲದ ಮ್ಯಾಪ್‌ಲಿಥೋ ಕಾಗದದಲ್ಲಿ ಹೀಗೆ ಹತ್ತೋದಿಲ್ಲ.

ಇನ್ನೊಂದು. ಫಿನ್‌ಲೆಂಡ್‌ನಲ್ಲಿ ಜಾಸ್ತಿ ಹೆಸರು ಮಾಡಿದ್ದು ವಾರಪತ್ರಿಕೆಗೆ ಹಾಕುವ ತೆಳು ಕೋಟೆಡ್ ಕಾಗದ, 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ) ಆಸುಪಾಸಿನದು. ನಿನ್ನ ಬ್ರೋಷರಿಗೆ 130. ಒಂದು ಟನ್ 60ರಲ್ಲಿ ಸುಮಾರು 16,667 ಚದರ ಮೀಟರ್ ಸಿಗುತ್ತೆ, 130ರಲ್ಲಿ ಬರೀ 7,692. ಎರಡೂ ವಿಶ್ವಸಂಸ್ಥೆಯ ಆ ಪಟ್ಟಿಯಲ್ಲಿ ‘ಕೋಟೆಡ್’ ಅಂತ ಒಂದೇ ಸಾಲಲ್ಲಿ ಕೂತಿವೆ. ಅಮೆರಿಕದವರ ಸ್ವಂತ ಅಂಕಿ ತಗೊಂಡರೆ ಇನ್ನೂ ಎಚ್ಚರ ಬೇಕು. ಅವರ ಶಾರ್ಟ್ ಟನ್ ಅಂದರೆ 907 ಕಿಲೋ.

ಹುಬ್ಬಳ್ಳಿ ಪ್ರೆಸ್:
ಅಣ್ಣ, ಈಗಲೇ ಗೋಡೌನಿಗೆ ಹೋಗಿ ಉಜ್ಜಿ ನೋಡಿದೆ. ಹೆಬ್ಬೆರಳು ವಿಭೂತಿ ಹಚ್ಚಿದ ಹಾಗೆ ಬೆಳ್ಳಗಾಯಿತು! ಅಪ್ಪನಿಗೆ ತೋರಿಸಿದರೆ "ಇಷ್ಟು ದಿನ ಗೊತ್ತಿರಲಿಲ್ಲವಾ" ಅಂದರು. ಪೆಟ್ಟಿಗೆ ಕಾಗದದ ಅಂಕಿಯನ್ನೂ ಸೇರಿಸಿ ಗ್ರಾಫ್ ಮತ್ತೆ ಮಾಡ್ತೀನಿ. ಭಾನುವಾರ ಇಲ್ಲೇ ಹಾಕ್ತೀನಿ, ಇಬ್ಬರೂ ನೋಡಿ ತಪ್ಪಿದ್ದರೆ ಹೇಳಿ.