ಬಹುಮತದ ಎಣಿಕೆ ಎಲ್ಲಿ: ರಾಜಭವನದಲ್ಲೋ, ಸದನದಲ್ಲೋ?

ಪ್ರಶ್ನೆ (ಗದಗ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರು):

ವಕೀಲ ಸಾಹೇಬರಿಗೆ ನಮಸ್ಕಾರ. ಮುಂದಿನ ವಾರ ನಮ್ಮ ಶಾಲೆಯಲ್ಲಿ ಯುವ ಸಂಸತ್ತು ಇದ್ದು, ಮಕ್ಕಳು ವಿಧಾನಸಭೆಯ ಕಲಾಪವನ್ನು ಅಭಿನಯಿಸಲಿದ್ದಾರೆ. ಅವರೇ ಬರೆದುಕೊಂಡ ದೃಶ್ಯದಲ್ಲಿ ಕೆಲವು ಶಾಸಕರು ಬೆಂಬಲ ಹಿಂಪಡೆದ ಪತ್ರಗಳನ್ನು ರಾಜ್ಯಪಾಲರ ಕೈಗಿಡುತ್ತಾರೆ. ರಾಜ್ಯಪಾಲರು ಪತ್ರಗಳನ್ನು ಎಣಿಸಿ, ಮುಖ್ಯಮಂತ್ರಿಯನ್ನು ನಿಂತ ಕಾಲ ಮೇಲೆ ವಜಾ ಮಾಡುತ್ತಾರೆ. ಹೀಗೆ ಮಾಡಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ನೇಮಿಸುವವರು ಅವರೇ ಅಂದಮೇಲೆ ತೆಗೆಯುವವರೂ ಅವರೇ ಅಲ್ಲವೇ ಸರ್?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ (ಧಾರವಾಡದ ವಕೀಲರು):

ಗುರುಗಳಿಗೆ ನಮಸ್ಕಾರ. ಆ ಹುಡುಗಿಯ ವಾದಕ್ಕೆ ಸಂವಿಧಾನದ ಅಕ್ಷರಗಳಲ್ಲೇ ಆಧಾರವಿದೆ, ಅವಳನ್ನು ಸುಮ್ಮನಾಗಿಸಬೇಡಿ. 164ನೆಯ ವಿಧಿಯ ಮೊದಲನೆಯ ಖಂಡದಂತೆ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರೇ, ಮಂತ್ರಿಗಳು ಅಧಿಕಾರದಲ್ಲಿರುವುದೂ ರಾಜ್ಯಪಾಲರ ಇಚ್ಛೆ ಇರುವವರೆಗೆ ಮಾತ್ರ. ಆದರೆ ಅದರ ಬೆನ್ನಿಗೇ ಬರುವ ಎರಡನೆಯ ಖಂಡವು ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದು ಎನ್ನುತ್ತದೆ. ಎರಡನ್ನೂ ಕೂಡಿಸಿ ಓದಿದಾಗ, ಸದನದ ವಿಶ್ವಾಸ ಇರುವವರೆಗೆ ಮುಖ್ಯಮಂತ್ರಿಯ ವಿಷಯದಲ್ಲಿ ರಾಜ್ಯಪಾಲರಿಗೆ ಸ್ವಂತದ ‘ಇಚ್ಛೆ’ ಎಂಬುದು ಉಳಿಯುವುದಿಲ್ಲ.

ನಿಮ್ಮ ಮಕ್ಕಳು ಬರೆದ ದೃಶ್ಯವು, ಅವರಿಗೆ ಗೊತ್ತಿಲ್ಲದೆಯೇ, ನಮ್ಮ ಭಾಗದಲ್ಲಿ ಹುಟ್ಟಿದ ಮೊಕದ್ದಮೆಯೊಂದರ ನೆರಳಿನಂತಿದೆ. 1989ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಶಾಸಕರಾಗಿದ್ದ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ, 19 ಶಾಸಕರು ಬೆಂಬಲ ಹಿಂಪಡೆದಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರು ದೆಹಲಿಗೆ ವರದಿ ಕಳಿಸಿದ ಮರುದಿನವೇ ಆ 19 ಜನರ ಪೈಕಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ ಎಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ, ಬೇಕಿದ್ದರೆ ಅಧಿವೇಶನವನ್ನು ಇನ್ನೂ ಮುಂಚೆಯೇ ಕರೆಯೋಣ ಎಂದು ಮುಖ್ಯಮಂತ್ರಿ ಕೇಳಿಕೊಂಡರೂ ಪ್ರಯೋಜನವಾಗದೆ, ಏಪ್ರಿಲ್ 21ರಂದು 356ನೆಯ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು.

ರಾಜ್ಯದ ಹೈಕೋರ್ಟಿನಲ್ಲಿ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ಕೊಟ್ಟ ತೀರ್ಪಿನಲ್ಲಿ, ಸರಕಾರದ ಬಲಾಬಲ ನಿರ್ಧಾರವಾಗಬೇಕಾದ ಸ್ಥಳ ಸದನವೇ ಹೊರತು ರಾಜ್ಯಪಾಲರ ಖಾಸಗಿ ಅಭಿಪ್ರಾಯವಲ್ಲ ಎಂದು ಹೇಳಿತು. ರಾಷ್ಟ್ರಪತಿಗಳ ಉದ್ಘೋಷಣೆಯ ಹಿಂದಿನ ಆಧಾರಗಳನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ, ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲವೆಂದೂ ಹೇಳಿತು. ಕರ್ನಾಟಕದಲ್ಲಿ ಆದದ್ದು ಅಸಂವಿಧಾನಿಕವೆಂದು ತೀರ್ಮಾನವಾದರೂ, ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರಕಾರ ಬಂದಾಗಿದ್ದರಿಂದ ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಗೆದ್ದ ಕಕ್ಷಿದಾರನಿಗೆ ತೀರ್ಪಿನ ಪ್ರತಿಯಷ್ಟೇ ಸಿಗುವುದು ನಮ್ಮ ವೃತ್ತಿಯಲ್ಲಿ ಹೊಸತಲ್ಲ.

ಆದ್ದರಿಂದ ದೃಶ್ಯವನ್ನು ಹೀಗೆ ತಿದ್ದಿ: ಪತ್ರಗಳು ಬಂದಾಗ ರಾಜ್ಯಪಾಲರು ಸದನದಲ್ಲಿ ವಿಶ್ವಾಸಮತ ಯಾಚಿಸುವಂತೆ ಮುಖ್ಯಮಂತ್ರಿಗೆ ತಿಳಿಸಲಿ. ಮುಖ್ಯಮಂತ್ರಿ ಸದನವನ್ನು ಎದುರಿಸಲು ನಿರಾಕರಿಸಿದರೆ ಅಥವಾ ಅಲ್ಲಿ ಸೋತ ಮೇಲೂ ರಾಜೀನಾಮೆ ಕೊಡದಿದ್ದರೆ, ಆಗ ವಜಾ ಮಾಡುವ ಮಾತು ಬರುತ್ತದೆ.

ಪ್ರಶ್ನೆ (ಹಾವೇರಿಯ ಕಾನೂನು ವಿದ್ಯಾರ್ಥಿ):

ಸರ್, 224 ಸ್ಥಾನಗಳ ಸದನದಲ್ಲಿ ವಿಶ್ವಾಸಮತ ಗೆಲ್ಲಲು 113 ಮತಗಳು ಬೇಕೇಬೇಕಲ್ಲವೇ? ವಿಧಾನ ಪರಿಷತ್ತಿನಲ್ಲಿ ಸೋತರೂ ಸರಕಾರ ಬೀಳುತ್ತದೆಯೇ?

ಉತ್ತರ:

ಪರಿಷತ್ತಿನಲ್ಲಿ ಸೋತರೆ ಸರಕಾರ ಬೀಳುವುದಿಲ್ಲ. ಹೊಣೆಗಾರಿಕೆ ವಿಧಾನಸಭೆಗೆ ಮಾತ್ರ. 113 ಎಂಬ ಸಂಖ್ಯೆ ವಿಶ್ವಾಸಮತಕ್ಕೆ ಕಡ್ಡಾಯವೆಂಬ ತಪ್ಪು ಕಲ್ಪನೆ ಪತ್ರಿಕೆಗಳಲ್ಲೂ ಆಗಾಗ ಕಾಣುತ್ತದೆ. 189ನೆಯ ವಿಧಿಯಂತೆ, ಸಂವಿಧಾನವೇ ಬೇರೆ ಹೇಳದ ಹೊರತು, ಹಾಜರಿದ್ದು ಮತ ಚಲಾಯಿಸಿದವರ ಬಹುಮತದಿಂದ ನಿರ್ಣಯವಾಗುತ್ತದೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರಕಾರ 99–105ರಿಂದ ಸೋತಿತು. ವಿರುದ್ಧ ಬಿದ್ದ ಮತಗಳೂ 113 ಇರಲಿಲ್ಲ ಎಂಬುದನ್ನು ಗಮನಿಸಿ. ಗೈರುಹಾಜರಾದ ಶಾಸಕನೂ ಹೀಗೆ ಲೆಕ್ಕವನ್ನು ಬದಲಿಸುತ್ತಾನೆ. ಪಕ್ಷದ ವಿಪ್ ಉಲ್ಲಂಘಿಸಿ ದೂರ ಉಳಿದವನಿಗೆ ಹತ್ತನೆಯ ಅನುಸೂಚಿಯಡಿ ಅನರ್ಹತೆಯ ಭಯವಿರುತ್ತದೆ, ನಿಜ. ಆದರೆ ಆ ವಿಚಾರಣೆ ಸಭಾಧ್ಯಕ್ಷರ ಮುಂದೆ ಪ್ರತ್ಯೇಕವಾಗಿ ನಡೆಯುತ್ತದೆ, ಅಂದಿನ ಎಣಿಕೆ ಅದಕ್ಕಾಗಿ ಕಾಯುವುದಿಲ್ಲ.

ಪ್ರಶ್ನೆ (ಮೊದಲಿನ ಶಿಕ್ಷಕರು):

ಬಹಳ ಉಪಕಾರವಾಯಿತು. ಕೊನೆಯದಾಗಿ, ನಮ್ಮಲ್ಲಿ ಸಭಾಧ್ಯಕ್ಷೆಯ ಪಾತ್ರಧಾರಿಯನ್ನೂ ಸೇರಿಸಿ 31 ಮಕ್ಕಳಿದ್ದಾರೆ. ಅವಳೂ ಕೈ ಎತ್ತಬಹುದೇ?

ಉತ್ತರ:

ಮೊದಲ ಎಣಿಕೆಯಲ್ಲಿ ಅವಳು ಮತ ಹಾಕುವಂತಿಲ್ಲ. ಉಳಿದ 30 ಮಕ್ಕಳು 15–15 ಎಂದು ಸಮನಾಗಿ ನಿಂತರೆ ಮಾತ್ರ ಅವಳಿಗೆ ನಿರ್ಣಾಯಕ ಮತವಿದೆ, ಮತ್ತು ಆಗ ಅದನ್ನು ಚಲಾಯಿಸಲೇಬೇಕು. ಆ ಒಂಬತ್ತನೆಯ ತರಗತಿಯ ಹುಡುಗಿಗೇ ಈ ಪಾತ್ರ ಕೊಡಬಹುದೇನೋ, ನೋಡಿ.