ಶರಾವತಿ ಸೇತುವೆ ಮೇಲಿನ ರೈಲು: ಕಿಟಕಿ ಬೆಳಕಿನ ಗೆರೆ ಯಾಕಿಷ್ಟು ಮಂಕು?

ಕಾಳಿದಂಡೆ (ಕಾರವಾರ):

ಕ್ರಾಪ್ ಸೆನ್ಸರ್ ಕ್ಯಾಮೆರಾ, 18–55 ಕಿಟ್ ಲೆನ್ಸ್, ಸಾಧಾರಣ ಅಲ್ಯೂಮಿನಿಯಂ ಟ್ರೈಪಾಡ್. ಹೊನ್ನಾವರದ ಶರಾವತಿ ರೈಲ್ವೆ ಸೇತುವೆಯನ್ನು ಹೆದ್ದಾರಿ ಸೇತುವೆ ಮೇಲಿಂದ ತೆಗೆದದ್ದು, ಡಿಸೆಂಬರ್, ಸಂಜೆ 7.15ರ ಹೊತ್ತು. ಓಡುವ ರೈಲಿನ ಬೆಳಕು ಗೆರೆಯಾಗಿ ಬರಲಿ ಅಂತ ಶಟರ್ ತೆರೆದಿಟ್ಟದ್ದು 30 ಸೆಕೆಂಡ್; ಉಳಿದ ಸೆಟ್ಟಿಂಗ್ 18 ಎಂಎಂ, ಎಫ್/11, ಐಎಸ್‌ಒ 100.

ಬಂದದ್ದು ಇಷ್ಟು: ಇಂಜಿನ್ ಲೈಟು ದೊಡ್ಡ ಬಿಳಿ ಮುದ್ದೆ, ಬೋಗಿಗಳ ಗೆರೆ ಇದ್ದೂ ಇಲ್ಲದ ಹಾಗೆ, ಅದೂ ಅರ್ಧ ಸೇತುವೆಗೇ ಖಲಾಸ್. ಆಚೆ ದಡದ ದೀಪಗಳೆಲ್ಲ ಜೋಡಿ ಜೋಡಿ. ಆಕಾಶ ಬರೀ ಕಪ್ಪು.

ಬೆಂಗಳೂರು ಮೆಟ್ರೊ ಫೋಟೊಗಳಲ್ಲಿ ಗೆರೆ ರಿಬ್ಬನ್ ಹಾಗೆ ಬರ್ತದಲ್ಲ, ನಮ್ಮ ಕೊಂಕಣ ರೈಲಿಗೆ ಅದು ಸಾಧ್ಯವಾ? ಶಟರನ್ನು ಒಂದೆರಡು ನಿಮಿಷ ತೆರೆದಿಟ್ಟರೆ ಗೆರೆ ಹೊಳೆಯುತ್ತದಾ? ಬಲ್ಬ್ ಮೋಡಿಗೆ (ಗುಂಡಿ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವುದು) ರಿಮೋಟ್ ಖರೀದಿ ಮಾಡುವ ಮೊದಲು ಕೇಳುವಾ ಅಂತ.

ಹಳಿಪಕ್ಕ (ಕುಮಟಾ):

ರಿಮೋಟ್ ತಗೊಳ್ಳಿ, ಇನ್ನೂರು-ಮುನ್ನೂರು ರೂಪಾಯಿಯ ತಂತಿಯದ್ದೇ ಸಾಕು. ಆದರೆ ಅದರಿಂದ ಗೆರೆ ಹೊಳೆಯುವುದಿಲ್ಲ.

ಓಡುವ ಬೆಳಕಿಗೆ ಶಟರ್ ಲೆಕ್ಕ ಬೇರೆ. 22 ಬೋಗಿಯ ಎಲ್‌ಎಚ್‌ಬಿ (ಹೊಸ ಮಾದರಿ ಬೋಗಿಯ) ಗಾಡಿ ಇಂಜಿನ್ ಸೇರಿ ಸುಮಾರು 550 ಮೀಟರ್ ಉದ್ದ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಸೇತುವೆಯ ಯಾವುದೇ ಒಂದು ಕಂಬದ ಮೇಲೆ ಆ ಗಾಡಿ ಇರುವುದು 20 ಸೆಕೆಂಡ್ ಮಾತ್ರ. ಆ 20 ಸೆಕೆಂಡ್ ಆದ ಮೇಲೆ ಶಟರ್ ಹತ್ತು ನಿಮಿಷ ತೆರೆದಿಟ್ಟರೂ ಆ ಜಾಗದ ಗೆರೆಗೆ ಒಂದು ಹನಿ ಬೆಳಕು ಸೇರುವುದಿಲ್ಲ. ಆಕಾಶಕ್ಕೆ, ನೀರಿಗೆ, ದಡದ ದೀಪಗಳಿಗೆ ಮಾತ್ರ ಸೇರುತ್ತ ಹೋಗುತ್ತದೆ. ಗೆರೆಯ ಹೊಳಪು ಬೇಕಾದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ಸಣ್ಣದಾದಷ್ಟೂ ದೊಡ್ಡದು) ತೆರೆಯಬೇಕು, ಇಲ್ಲವೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಬೇಕು. ಎಫ್/11, ಐಎಸ್‌ಒ 100ರಿಂದ ಎಫ್/5.6, ಐಎಸ್‌ಒ 400ಕ್ಕೆ ಬಂದರೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು), ಅಂದರೆ 16 ಪಟ್ಟು. ನಿಮ್ಮ ಗೆರೆ ಮಂಕಾದದ್ದಕ್ಕೆ ಮುಖ್ಯ ಕಾರಣ ಇದೇ.

ಎರಡನೆಯದು ದೂರ. ದೂರದ ಕಿಟಕಿ ಬರೀ ಚುಕ್ಕಿಯಾಗಿ ಕಾಣುವಷ್ಟು ಸಣ್ಣದಾದಾಗ, ದೂರ ಎರಡರಷ್ಟಾದರೆ ಗೆರೆಯ ಹೊಳಪು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಡಿ ನಿಧಾನ ಇದ್ದಷ್ಟೂ ಹೊಳಪು ಹೆಚ್ಚು. ಹಾಗಾಗಿ ಹೊನ್ನಾವರದಲ್ಲಿ ನಿಲ್ಲುವ ಗಾಡಿ, ಸೀದಾ ಹೋಗುವ ಗಾಡಿಗಿಂತ ಒಳ್ಳೆಯದು.

ಮೂರನೆಯದು, ಇಡೀ ಸೇತುವೆ ಹಿಡಿಯುವ ಆಸೆ. ಇದು 2,065 ಮೀಟರ್, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಇಂಜಿನ್ ಒಳಗೆ ಬಂದು ಕೊನೆ ಬೋಗಿ ಆಚೆ ದಾಟಲು 100ರ ವೇಗದಲ್ಲೂ 94 ಸೆಕೆಂಡ್ ಬೇಕು. ನಿಮ್ಮ 30 ಸೆಕೆಂಡಿಗೆ ಗೆರೆ ಅರ್ಧಕ್ಕೆ ನಿಂತದ್ದು ಅದಕ್ಕೇ. ಅದಲ್ಲದೆ 18 ಎಂಎಂನಲ್ಲಿ ಅಷ್ಟು ದೊಡ್ಡ ಸೇತುವೆ ಹೊಲಿಗೆ ದಾರದ ಹಾಗೆ ಕಾಣುತ್ತದೆ, ಮೇಲೂ ಕೆಳಗೂ ಖಾಲಿ. 55 ಎಂಎಂಗೆ ಬನ್ನಿ. ಎದುರಿಗೆ 1 ಕಿ.ಮೀ. ದೂರ ನಿಂತರೆ ಚೌಕಟ್ಟಿನೊಳಗೆ ಸುಮಾರು 430 ಮೀಟರ್ ಸೇತುವೆ ಬರುತ್ತದೆ, ಇಡೀ ಗಾಡಿ ದಾಟಲು 35 ಸೆಕೆಂಡ್. 30 ಸೆಕೆಂಡಿನಲ್ಲೇ ಒಂದು ತುದಿಯಿಂದ ಇನ್ನೊಂದಕ್ಕೆ ಗೆರೆ ತುಂಬಿರುತ್ತದೆ, ಇಂಜಿನ್ ಚೌಕಟ್ಟಿನ ಅಂಚಿಗೆ ಬಂದಾಗಲೇ ಶಟರ್ ಒತ್ತಿದರೆ.

ಮೆಟ್ರೊ ಜೊತೆ ಹೋಲಿಕೆ ಬೇಡ. ಅಲ್ಲಿ 6 ಬೋಗಿ, ಸುಮಾರು 130 ಮೀಟರ್, ದೊಡ್ಡ ಗಾಜು, ಒಳಗೆ ಯಾವಾಗಲೂ ಬೆಳ್ಳಗಿನ ದೀಪ, ಕ್ಯಾಮೆರಾ ಇರುವುದು ಪಕ್ಕದ ಕಟ್ಟಡದಲ್ಲೋ ಪಾದಚಾರಿ ಸೇತುವೆಯಲ್ಲೋ, ಐವತ್ತು-ನೂರು ಮೀಟರಿನೊಳಗೆ. ನೇರಳೆ, ಹಸಿರು ಎರಡೂ ಮಾರ್ಗಕ್ಕೆ 750 ವೋಲ್ಟಿನ ಮೂರನೇ ಹಳಿಯಿಂದ ಕರೆಂಟು, ಮೇಲೆ ತಂತಿ ಕಂಬಗಳ ಕಾಟವಿಲ್ಲ. ಒಂದು ಕೆಟ್ಟರೆ ಕೆಲವೇ ನಿಮಿಷಕ್ಕೆ ಇನ್ನೊಂದು ಗಾಡಿ. ನಮ್ಮದು ಒಂಟಿ ಹಳಿ, 2022ರಿಂದ ಪೂರ್ತಿ 25,000 ವೋಲ್ಟಿನ ತಂತಿ, ಒಂದು ಸಂಜೆಗೆ ಒಂದೋ ಎರಡೋ ಅವಕಾಶ. ಕ್ರಾಸಿಂಗಿಗೆ ನಿಲ್ಲಿಸಿದರೆ ಅದೂ ಇಲ್ಲ.

ಗಾಡಿಯ ಆಯ್ಕೆಯೂ ಮುಖ್ಯ. ಸ್ಲೀಪರ್, ಜನರಲ್ ಬೋಗಿಗಳ ತೆರೆದ ಕಿಟಕಿಯ ಬೆಳಕು ಚೆನ್ನಾಗಿ ಬರುತ್ತದೆ. ಎಸಿ ಬೋಗಿಯ ಗಾಜು ಬಣ್ಣದ್ದು, ಪರದೆ ಬೇರೆ, ಹಾಗಾಗಿ ಗೆರೆಯಲ್ಲಿ ಅಲ್ಲಲ್ಲಿ ಮಬ್ಬು. ರಾತ್ರಿ 10ರ ನಂತರ ಒಳಗೆ ದೀಪ ಆರಿಸುತ್ತಾರೆ, ಆಮೇಲೆ ಕಾದು ಕೂತು ಲಾಭವಿಲ್ಲ. ಗೂಡ್ಸ್, ಲಾರಿ ಹೊತ್ತ ರೋರೋ ಗಾಡಿಗಳಿಗೆ ಕಿಟಕಿಯೇ ಇಲ್ಲ, ಇಂಜಿನ್ನಿನ ಒಂದು ಗೆರೆ, ಹಿಂದಿನ ಕೆಂಪು ದೀಪದ ಒಂದು ಗೆರೆ, ಅಷ್ಟೇ. ಆ ಕೆಂಪು ದೀಪ ಮಿನುಗುವುದರಿಂದ ಅದು ತುಂಡು ತುಂಡು ಗೆರೆಯಾಗಿ ಬರುತ್ತದೆ. ಕ್ಯಾಮೆರಾ ದೋಷ ಅಂದುಕೊಳ್ಳಬೇಡಿ.

ಕಪ್ಪು ಆಕಾಶದ ಬಗ್ಗೆ: ನಮ್ಮಲ್ಲಿ ಮುಸ್ಸಂಜೆ ಬೇಗ ಮುಗಿಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು. 7.15ಕ್ಕೆ ನೀಲಿ ಎಲ್ಲಿಂದ ಬರಬೇಕು? ಸೂರ್ಯ ಮುಳುಗಿದ 25ರಿಂದ 40 ನಿಮಿಷದೊಳಗೆ ದಾಟುವ ಗಾಡಿ ಹುಡುಕಿ. ಆಗ ಎಫ್/5.6, ಐಎಸ್‌ಒ 200, 30 ಸೆಕೆಂಡಿಗೆ ಆಕಾಶವೂ ಗೆರೆಯೂ ಹೆಚ್ಚುಕಡಿಮೆ ಸಮಕ್ಕೆ ಬರುತ್ತವೆ. ಗಾಡಿ ಬರುವ ಮೊದಲೇ ಎರಡು-ಮೂರು ನಿಮಿಷಕ್ಕೊಂದು ಖಾಲಿ ಸೇತುವೆಯ ಚಿತ್ರ ತೆಗೆದು ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡುತ್ತಿರಿ. ಗಾಡಿ 20 ನಿಮಿಷ ಲೇಟಾದರೆ ಅವತ್ತಿನ ನೀಲಿ ಹೋಯಿತು. ಬೇಸರ ಮಾಡದೆ ಐಎಸ್‌ಒ 400ಕ್ಕೆ ಏರಿಸಿ ಬರೀ ಗೆರೆ ತೆಗೆಯಿರಿ.

ಬಡಗಣಿ (ಹೊನ್ನಾವರ):

ಮೇಲಿನವರು ಲೆಕ್ಕ ಹೇಳಿದ್ದಾರೆ, ನಾನು ನಿಲ್ಲುವ ಜಾಗದ ಸುದ್ದಿ ಹೇಳ್ತೆ.

ದೀಪಗಳು ಜೋಡಿ ಬಂದದ್ದು ಹೆದ್ದಾರಿ ಸೇತುವೆಯಿಂದಲೇ. ಒಂದು ಟ್ಯಾಂಕರ್ ಹೋದರೆ ಇಡೀ ಸ್ಪ್ಯಾನ್ ಕುಣಿಯುತ್ತದೆ ಮಾರಾಯ್ರೆ, ಟ್ರೈಪಾಡ್ ಎಷ್ಟು ಗಟ್ಟಿ ಇದ್ದರೂ ಅದೂ ಜೊತೆಗೆ ಕುಣಿಯುತ್ತದೆ. ಅಲ್ಲಿ ನಿಲ್ಲುವುದು ಜೀವಕ್ಕೂ ಒಳ್ಳೆಯದಲ್ಲ. ದಡಕ್ಕೆ ಇಳಿಯಿರಿ. ಕಾರವಾರದ ಕಾಳಿ ಸೇತುವೆಗೂ ಇದೇ ಮಾತು. 2024ರ ಆಗಸ್ಟ್ 7ರಂದು ಹಳೇ ಸೇತುವೆ ಕುಸಿದು, ಎರಡೂ ದಿಕ್ಕಿನ ವಾಹನ ಹೊಸದರ ಮೇಲೆ ಬಂದ ಮೇಲಂತೂ ಅಲ್ಲಿ ಟ್ರೈಪಾಡ್ ಬಿಡಿಸುವ ಯೋಚನೆಯೇ ಬೇಡ.

ರೈಲ್ವೆ ಸೇತುವೆ ಹೆದ್ದಾರಿಗಿಂತ ಪೂರ್ವಕ್ಕೆ, ಒಳಗೆ ಇದೆ. ಹೆದ್ದಾರಿ ಕಡೆಯ ದಡದಿಂದ ನೋಡಿದರೆ ಗಾಡಿಯ ಹಿಂದೆ ಪೂರ್ವದ ಆಕಾಶ, ಅದು ಬೇಗ ಗಾಢ ನೀಲಿಯಾಗುತ್ತದೆ. ಗೆರೆ ಎದ್ದು ಕಾಣಲು ಇದೇ ಸರಿ. ಸೇತುವೆಯ ಆಚೆ, ಹೊಳೆಯ ಮೇಲ್ಭಾಗದ ದಡದಿಂದ ನೋಡಿದರೆ ಪಶ್ಚಿಮದ ಕೆಂಪು ಸಿಗುತ್ತದೆ. ಚಂದವೇ, ಆದರೆ ಆ ಕೆಂಪಿನಲ್ಲಿ ಕಿಟಕಿ ಬೆಳಕು ಕರಗಿಹೋಗುತ್ತದೆ. ಅಲ್ಲಿಂದ ತೆಗೆಯುವುದಾದರೆ ಗೆರೆ ಬಿಟ್ಟು, ಸೆಕೆಂಡಿನ ನೂರರಲ್ಲೊಂದು ಪಾಲಿನ ಆಸುಪಾಸಿಗೆ ಬಂದು ಗಾಡಿಯ ಕಪ್ಪು ನೆರಳು ಹಿಡಿಯಿರಿ.

ಸೇತುವೆಯ ತೀರಾ ಬುಡಕ್ಕೆ ಹೋಗಬೇಡಿ. ಕೆಳಗಿಂದ ನೋಡಿದರೆ ಗರ್ಡರಿನ ಅಂಚು ಬೋಗಿಗಳನ್ನು ಮರೆಮಾಡಿ ಛಾವಣಿ, ತಂತಿ ಮಾತ್ರ ಕಾಣುತ್ತದೆ. ಮುನ್ನೂರು-ನಾನೂರು ಮೀಟರ್ ಹಿಂದೆ ಬಂದರೆ ಕಿಟಕಿ ಸಾಲು ಕಾಣಲು ಶುರು.

ಕೆಸರು, ಮರಳು ಎರಡರಲ್ಲೂ ಟ್ರೈಪಾಡಿನ ಕಾಲು ಒಂದೂವರೆ ನಿಮಿಷದಲ್ಲಿ ಕೂದಲೆಳೆಯಷ್ಟು ಇಳಿದರೂ ಚಿತ್ರ ಕೆಟ್ಟಿತು. ಮೂರು ಕಾಲಿನ ಕೆಳಗೂ ಒಡೆದ ಹಂಚಿನ ಚಪ್ಪಟೆ ತುಂಡು ಇಟ್ಟು, ಕೈಯಿಂದ ಒತ್ತಿ ಐದು ನಿಮಿಷ ಬಿಡಿ. ಕರಟವೂ ಆಗುತ್ತದೆ, ಆದರೆ ಅದು ಅಲುಗುತ್ತದೆ, ಹಂಚೇ ಲಾಯ್ಕು. ನಡು ಕಂಬ ಮೇಲೆತ್ತಬೇಡಿ. ಚೀಲ ತೂಗು ಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲವಾದರೆ ಗಾಳಿಗೆ ತೂಗಾಡಿ ಅದೇ ಅಲುಗಿಸುತ್ತದೆ. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿದ್ದೀರಾ? ಟ್ರೈಪಾಡ್ ಮೇಲೆ ಅದು ಆನ್ ಇದ್ದರೂ ದೀಪ ಜೋಡಿಯಾಗಬಹುದು.

ಉಬ್ಬರ-ಇಳಿತದ ಪಟ್ಟಿ ನೋಡಿ ಹೋಗಿ. ಉಬ್ಬರ ತುಂಬಿ ಇಳಿಯಲು ಶುರುವಾಗುವ ಮೊದಲಿನ ಸ್ವಲ್ಪ ಹೊತ್ತು ಹೊಳೆಯ ನೀರು ನಿಂತ ಹಾಗಿರುತ್ತದೆ, ಗಾಳಿಯೂ ಇಲ್ಲದಿದ್ದರೆ ಗೆರೆಯ ಪ್ರತಿಬಿಂಬ ಪೂರ್ತಿ. ಇಳಿತದಲ್ಲಿ ಎದುರಿಗೆ ಕೆಸರೇ ಬಯಲಾಗುತ್ತದೆ. ಏರುವ ನೀರಿನಲ್ಲಿ ಟ್ರೈಪಾಡನ್ನು ಅಂಚಿಗೇ ಇಟ್ಟು ಗಾಡಿ ಕಾಯಲು ಕೂತರೆ, ಗಾಡಿಗಿಂತ ಮೊದಲು ನೀರು ಬರುತ್ತದೆ.

ಟ್ರೈಪಾಡ್_ಶಿರಸಿ (ಶಿರಸಿ):

ಶಿರಸಿಯಲ್ಲಿ ರೈಲೇ ಇಲ್ಲ, ದೇವಿಮನೆ ಘಟ್ಟ ಇಳಿದೇ ಬರಬೇಕು. ಇನ್ನೂ ಆಗದ ಅಂಕೋಲಾ–ಹುಬ್ಬಳ್ಳಿ ಮಾರ್ಗದ ಗಾಡಿ ಬಂದ ಮೇಲೆ ಕಲಿಯುವಾ ಅಂತ ಮಾತ್ರ ಕೂರಬೇಡಿ! ಅಭ್ಯಾಸಕ್ಕೆ ರಾತ್ರಿ ಬಸ್ಸು ಸಾಕು. ಒಳದೀಪ ಹಾಕಿಕೊಂಡ ಬಸ್ಸಿನ ಕಿಟಕಿ ಗೆರೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು.

ಇಡೀ ಸೇತುವೆ ಬೇಕೇ ಬೇಕು ಅಂತಾದರೆ 94 ಸೆಕೆಂಡಿನ ಒಂದೇ ಎಕ್ಸ್‌ಪೋಶರಿಗಿಂತ 15 ಸೆಕೆಂಡಿನ ಏಳು ತೆಗೆದು ಜೋಡಿಸುವುದು ಉತ್ತಮ. ಕ್ಯಾಮೆರಾವನ್ನು ಕಂಟಿನ್ಯುವಸ್ ಡ್ರೈವಿಗೆ ಹಾಕಿ, ಶಟರ್ 15 ಸೆಕೆಂಡ್, ರಿಮೋಟಿನ ಗುಂಡಿ ಒತ್ತಿ ಲಾಕ್ ಮಾಡಿ. ಆಮೇಲೆ ಗಿಂಪಿನಲ್ಲಿ (ಫೋಟೊ ತಿದ್ದುವ ತಂತ್ರಾಂಶ) ಪದರಗಳಾಗಿ ಹಾಕಿ, ಮೇಲಿನ ಎಲ್ಲವಕ್ಕೂ 'ಲೈಟನ್ ಓನ್ಲಿ' (ಹೆಚ್ಚು ಬೆಳಕಿನದನ್ನೇ ಉಳಿಸುವ ಆಯ್ಕೆ) ಕೊಡಿ. ಆಕಾಶ ಹೆಚ್ಚು ಬೆಳಗುವುದಿಲ್ಲ, ಗೆರೆ ಮಾತ್ರ ಮುಂದುವರಿಯುತ್ತದೆ. ನಡುವೆ ದೋಣಿಯವರು ಟಾರ್ಚ್ ಬಿಟ್ಟರೆ ಆ ಒಂದು ಚಿತ್ರದ ಆ ಮೂಲೆ ಮಾತ್ರ ಅಳಿಸಬಹುದು.

ಎರಡು ಚಿತ್ರಗಳ ನಡುವಿನ ಖಾಲಿ ಜಾಗದ ಭಯ ಬೇಡ. ಒಂದು ಸೆಕೆಂಡ್ ಬಿಟ್ಟುಹೋದರೆ ಇಂಜಿನ್ ಲೈಟಿನ ಗೆರೆಯಲ್ಲಿ 28 ಮೀಟರಿನ ತುಂಡು ಕಾಣುತ್ತದೆ, ನಿಜ. ಕಿಟಕಿ ಸಾಲಿನಲ್ಲಿ ಕಾಣುವುದಿಲ್ಲ, ಯಾಕೆಂದರೆ ಬಿಟ್ಟ ಜಾಗದ ಮೇಲೆ ಹಿಂದಿನ ಬೋಗಿಗಳು ಬಂದು ತುಂಬುತ್ತವೆ.

ಒಂದು ವಿಷಯ ಮರೆತರೆ ಎಲ್ಲ ವ್ಯರ್ಥ: ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಇರಬೇಕು. ಆನ್ ಇದ್ದರೆ 15 ಸೆಕೆಂಡ್ ತೆಗೆದು ಇನ್ನು 15 ಸೆಕೆಂಡ್ ಕ್ಯಾಮೆರಾ ಕಣ್ಣು ಮುಚ್ಚಿ ಕೂರುತ್ತದೆ, ಅಷ್ಟರಲ್ಲಿ ಗಾಡಿ 400 ಮೀಟರ್ ದಾಟಿರುತ್ತದೆ. ಕರಾವಳಿಯ ಸೆಕೆಗೆ ಕೆಂಪು-ನೀಲಿ ಬಿಸಿ ಚುಕ್ಕಿ ಬರುವುದು ಖಂಡಿತ. ಅದಕ್ಕೆ ಕೊನೆಯಲ್ಲಿ ಲೆನ್ಸ್ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯದ ಒಂದು ಕಪ್ಪು ಚಿತ್ರ ತೆಗೆದಿಟ್ಟುಕೊಂಡು ಆಮೇಲೆ ಕಳೆಯಿರಿ.

ಬಿಳಿ ಮುದ್ದೆಗೆ ಎರಡು ಮದ್ದು. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ, ಇಂಜಿನ್ ಲೈಟಿನ ಭೂತ ಅರ್ಧ ಅದರಿಂದಲೇ. ಆಮೇಲೆ, ನಿಮ್ಮ ಕಡೆಗೆ ಬರುವ ಗಾಡಿಯಾದರೆ ಕಪ್ಪು ರಟ್ಟನ್ನು ಲೆನ್ಸ್ ಎದುರು ತಾಗಿಸದೆ ಹಿಡಿದು ಶಟರ್ ಒತ್ತಿ, ಇಂಜಿನ್ ನಿಮ್ಮೆದುರು ಹಾದ ಕೂಡಲೇ ರಟ್ಟು ತೆಗೆಯಿರಿ. ದೂರ ಹೋಗುವ ಗಾಡಿಗೆ ಇದ್ಯಾವುದೂ ಬೇಡ.

ಹಳಿಪಕ್ಕ (ಕುಮಟಾ):

@ಟ್ರೈಪಾಡ್_ಶಿರಸಿ ಫೋಕಸ್ ವಿಷಯ ಬಿಟ್ಟಿರಿ. ಬೆಳಕಿರುವಾಗಲೇ ಲೈವ್ ವ್ಯೂ ದೊಡ್ಡದು ಮಾಡಿ ತಂತಿ ಕಂಬದ ಮೇಲೆ ಫೋಕಸ್ ಕೂರಿಸಿ, ಮ್ಯಾನುವಲ್‌ಗೆ ತಿರುಗಿಸಿ, ಝೂಮ್ ಉಂಗುರ ಮುಟ್ಟಬೇಡಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನೂ ಮುಚ್ಚಿ, ಹಿಂದಿಂದ ಬಂದ ವಾಹನದ ಬೆಳಕು ಅದರೊಳಗೆ ನುಗ್ಗುತ್ತದೆ.

ಕಾಳಿದಂಡೆ (ಕಾರವಾರ):

ಎಲ್ಲರಿಗೂ ಧನ್ಯವಾದ. ಎಫ್/11 ಇಟ್ಟರೆ ಶಾರ್ಪ್ ಬರ್ತದೆ ಅಂತ ಓದಿದ್ದಕ್ಕೆ ಹೀಗಾದದ್ದು. ಇನ್ನೆರಡು ಪ್ರಶ್ನೆ: 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ ಹಗಲಲ್ಲೇ ತೆಗೆಯಬಹುದಾ? ಮಳೆಗಾಲದಲ್ಲಿ ಹೇಗೆ?

ಹಳಿಪಕ್ಕ (ಕುಮಟಾ):

ಹಗಲಲ್ಲಿ ಕಿಟಕಿ ಬೆಳಕು ಲೆಕ್ಕಕ್ಕಿಲ್ಲ, ಗಾಡಿಯ ಮೈಬಣ್ಣ ಮಾತ್ರ. 60 ಸೆಕೆಂಡ್ ತೆರೆದಿಟ್ಟರೆ ಒಂದು ಜಾಗದಲ್ಲಿ ಗಾಡಿ ಇರುವುದು 20 ಸೆಕೆಂಡ್, ಉಳಿದ 40 ಸೆಕೆಂಡ್ ಹಿಂದಿನ ಗುಡ್ಡ. ಗಾಡಿ ಹೊಗೆಯ ಹಾಗೆ ಪಾರದರ್ಶಕವಾಗುತ್ತದೆ. 10 ಸ್ಟಾಪ್ ಇದ್ದರೆ ಅರುವತ್ತನೇ ಒಂದು ಸೆಕೆಂಡ್ 17 ಸೆಕೆಂಡ್ ಆಗುತ್ತದೆ, ಅದು ನೀರು ನುಣುಪಾಗಲು ಸರಿ, ರೈಲಿಗೆ ಅಲ್ಲ. ರೈಲಿಗೆ 6 ಸ್ಟಾಪ್ ತಗೊಳ್ಳಿ, ಅದೇ ಎಕ್ಸ್‌ಪೋಶರ್ ಒಂದು ಸೆಕೆಂಡಿಗೆ ಬರುತ್ತದೆ. ಗಾಡಿ ಚೌಕಟ್ಟಿನ ತುಂಬ ಇರುವಾಗ ಒತ್ತಿದರೆ ಗಟ್ಟಿ ಬಣ್ಣದ ಪಟ್ಟಿ ಸಿಗುತ್ತದೆ.

ಮಳೆಗಾಲದಲ್ಲಿ ವೇಳಾಪಟ್ಟಿಯೇ ಬೇರೆ, ಜೋರು ಮಳೆ ಇದ್ದರೆ ವೇಗ 40ಕ್ಕೆ ಇಳಿಸಲು ಸೂಚನೆ ಇರುತ್ತದೆ. ಆಗ ಇಡೀ ಸೇತುವೆ ದಾಟಲು ನಾಲ್ಕು ನಿಮಿಷದ ಹತ್ತಿರ, ಗೆರೆ ಎರಡೂವರೆ ಪಟ್ಟು ಹೊಳಪು. ಐಎಸ್‌ಒ ಒಂದು ಸ್ಟಾಪ್ ಇಳಿಸಿ. ಎಸಿ ಕಾರಿನಿಂದ ಕ್ಯಾಮೆರಾ ಇಳಿಸಿದ ಕೂಡಲೇ ಲೆನ್ಸ್ ಬೆವರುತ್ತದೆ, ಚೀಲದೊಳಗೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಉಪ್ಪುಗಾಳಿ ತಾಗಿದ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರ್, ಆಮೇಲೆ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ.

ಬಡಗಣಿ (ಹೊನ್ನಾವರ):

ಹಳಿ ಮೇಲೆ, ಸೇತುವೆಯ ಕಾಲುದಾರಿ ಮೇಲೆ ಹತ್ತಬೇಡಿ. ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮತ್ತೆ ಕಾಳಿದಂಡೆಯವರೇ, ನಿಮ್ಮ ಊರಲ್ಲಿ ಅರ್ಗಾ ಕಡೆ ನೌಕಾನೆಲೆ ಇದೆ. ಅತ್ತ ಲೆನ್ಸ್ ತಿರುಗಿಸುವುದೂ ಡ್ರೋನ್ ಹಾರಿಸುವುದೂ ಬೇಡ. ಡ್ರೋನಿನಲ್ಲಿ ಮೂವತ್ತು ಸೆಕೆಂಡಿನ ಗೆರೆ ಹೇಗೂ ಬರುವುದಿಲ್ಲ, ಅದು ಗಾಳಿಯಲ್ಲಿ ಅಲುಗುತ್ತಲೇ ಇರುತ್ತದೆ.

ಮತ್ತೆ ಹಂಚಿನ ತುಂಡು ಮೂರಲ್ಲ, ನಾಲ್ಕು ತನ್ನಿ. ಒಂದು ಕೆಸರಲ್ಲಿ ಹೋಗಿಯೇ ಹೋಗುತ್ತದೆ.