ಪ್ರಶ್ನೋತ್ತರ: ನೆಟ್ ಡ್ರೈವರ್, ಡಯಲರ್, ಶೇರ್‌ವೇರ್, ಹಳೇ ಐಎಸ್‌ಡಿಎನ್ ಕಾರ್ಡ್

ಅಡ್ಮಿನ್: ಇವತ್ತು ಸಂಜೆ 7ರಿಂದ ತಂತ್ರಜ್ಞರು ಗುಂಪಿನಲ್ಲಿ ಇರ್ತಾರೆ. ಯಾವ ವಿಂಡೋಸ್, ಯಾವ ಲೈನ್, ತೆರೆಯಲ್ಲಿ ಬಂದ ಎರರ್ ನಂಬ್ರ ಎಷ್ಟು, ಈ ಮೂರೂ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್: ನಮಸ್ಕಾರ ಸರ್. ಫೈಬರ್ ಲೈನ್, ವಿಂಡೋಸ್ 11. ರೂಟರ್ ಇಲ್ಲ, ಲ್ಯಾಪ್‌ಟಾಪಿನಿಂದಲೇ ಬ್ರಾಡ್‌ಬ್ಯಾಂಡ್ ಡಯಲ್ ಮಾಡುವುದು. ನಿನ್ನೆಯ ಗುಡುಗಿನ ನಂತರ ಎರರ್ 651. ಡ್ರೈವರ್ ಹೋಗಿರಬಹುದಾ?

ತಂತ್ರಜ್ಞರು: ನಮಸ್ಕಾರ. 651 ಬಂದರೆ ಹೆಚ್ಚಾಗಿ ನಿಮ್ಮ ಡಯಲರ್ ಕೂಗಿದ್ದಕ್ಕೆ ಆ ಕಡೆಯಿಂದ ಉತ್ತರವೇ ಬರಲಿಲ್ಲ ಅಂತ. ಪಾಸ್‌ವರ್ಡ್ ತಪ್ಪಿದ್ದರೆ 691 ಬರ್ತಿತ್ತು. ಮೊದಲು ಗೋಡೆಯ ಪೆಟ್ಟಿಗೆಯಲ್ಲಿ ಲಾಸ್ ದೀಪ ಕೆಂಪು ಉಂಟಾ ನೋಡಿ. ಕೆಂಪಾದರೆ ಫೈಬರಿನಲ್ಲಿ ಬೆಳಕು ಬರ್ತಾ ಇಲ್ಲ, ಲೈನ್‌ಮ್ಯಾನ್ ಬರಬೇಕು. ಕೆಂಪಿಲ್ಲ, ಪಾನ್ ದೀಪ ಅಲುಗಾಡದೆ ಹಸಿರಾಗಿದೆ ಅಂತಾದರೆ ಪೆಟ್ಟಿಗೆಯ ಲ್ಯಾನ್ ಪೋರ್ಟ್ ಸುಟ್ಟಿರಬಹುದು. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಕರೆಂಟಿನ ಅಡಾಪ್ಟರ್ ಮೂಲಕ ಬಂದು ಲ್ಯಾನ್ ಪೋರ್ಟನ್ನು ಹೊಡೀತದೆ. ಇನ್ನೊಂದು ಪೋರ್ಟಿಗೆ ಚುಚ್ಚಿ ನೋಡಿ. ಆಗಲೂ ಲ್ಯಾಪ್‌ಟಾಪ್ ಕಡೆ ಲಿಂಕ್ ದೀಪವೇ ಇಲ್ಲದಿದ್ದರೆ ಅಲ್ಲಿಯ ಚಿಪ್ ಹೋಗಿರಬಹುದು, ಹಾಗಾಗಿದ್ದರೆ ಯಾವ ಡ್ರೈವರ್ ಹಾಕಿದರೂ ಬರುವುದಿಲ್ಲ.

ಕಾಪು: ಸರ್ ವಾಟ್ಸಾಪ್ ಬರ್ತದೆ, ಗೂಗಲ್ ಬರ್ತದೆ, ಆದರೆ ಎರಡು ಮೂರು ಸೈಟ್ ಅರ್ಧಕ್ಕೆ ನಿಂತು ಸುತ್ತುತ್ತಾ ಇರ್ತದೆ. ಹೊಸ ರೂಟರ್ ಹಾಕಿದ ಮೇಲೆ.

ತಂತ್ರಜ್ಞರು: ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ತಪ್ಪಿರಬೇಕು. ಈಥರ್ನೆಟ್ ಪ್ಯಾಕೆಟ್ 1500 ಬೈಟ್. ಬ್ರಾಡ್‌ಬ್ಯಾಂಡ್ ಡಯಲ್ ಮಾಡುವ ಪ್ರೊಟೊಕಾಲ್ ಪಿಪಿಪಿಒಇಗೆ 8 ಬೈಟ್ ಹೋಗ್ತದೆ, ಉಳಿಯುವುದು 1492. ರೂಟರಿನಲ್ಲಿ 1500 ಅಂತ ಇದ್ದರೆ 1492 ಮಾಡಿ. ಪರೀಕ್ಷೆಗೆ, ಒಡೆಯಬಾರದು ಅಂತ ಹೇಳಿ 1464 ಗಾತ್ರದ ಪಿಂಗ್ ಕಳಿಸಿ, ಹೋಗಬೇಕು. 1465 ಹೋಗಬಾರದು. ಮೇಲಿನ 28 ಬೈಟ್ ಹೆಡರಿನದ್ದು.

ಹಂಪನಕಟ್ಟೆ: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಹಾಕ್ತಿದ್ದೇನೆ 👇 *ವಿಂಡೋಸ್ ನಿಮ್ಮ ನೆಟ್‌ನ 20% ಗುಟ್ಟಾಗಿ ಹಿಡಿದಿಟ್ಟುಕೊಂಡಿದೆ!! ಗ್ರೂಪ್ ಪಾಲಿಸಿಯಲ್ಲಿ ಕ್ಯೂಒಎಸ್ ಮಿತಿಯನ್ನು 0 ಮಾಡಿ, ಸ್ಪೀಡ್ ಕೂಡಲೇ ಏರುತ್ತದೆ. 10 ಜನರಿಗೆ ಕಳಿಸಿ.*

ತಂತ್ರಜ್ಞರು: ಇದು ಎಕ್ಸ್‌ಪಿ ಕಾಲದಿಂದ ಸುತ್ತುತ್ತಾ ಇರುವ ಸುಳ್ಳು. ಕ್ಯೂಒಎಸ್ ಅಂದರೆ ಯಾವ ಪ್ರೋಗ್ರಾಮಿಗೆ ಎಷ್ಟು ಲೈನ್ ಅಂತ ಹಂಚುವುದು. ಆ ಮಿತಿ ಲೆಕ್ಕಕ್ಕೆ ಬರುವುದು ಯಾವುದಾದರೂ ಪ್ರೋಗ್ರಾಮ್ ತನಗೆ ಇಷ್ಟು ಮೀಸಲು ಬೇಕು ಅಂತ ಕೇಳಿದಾಗ ಮಾತ್ರ. ಕೇಳುವವರಿಲ್ಲದಿದ್ದರೆ ಪೂರ್ತಿ ಲೈನ್ ಎಲ್ಲರಿಗೂ ಸಿಗ್ತದೆ. 0 ಮಾಡಿದರೆ ಏನೂ ಏರುವುದಿಲ್ಲ. ದಯವಿಟ್ಟು ಅಳಿಸಿ.

ಬಂಟ್ವಾಳ: ಸರ್, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ವಿಂಡೋಸ್ 10, ಫೈಬರ್. ನೆಟ್ ಸ್ಪೀಡ್ ಮಾಡುವ ಶೇರ್‌ವೇರ್ ಡ್ರೈವರ್ ಅಂತ ಒಬ್ಬರು ಹಾಕಿಕೊಟ್ಟರು, ಫುಲ್ ವರ್ಷನ್, ಕ್ರ್ಯಾಕ್ ಸಮೇತ. ಈಗ ದಿನಕ್ಕೆರಡು ಸಲ ನೀಲಿ ಪರದೆ, ಎನ್‌ಡಿಐಎಸ್ ಅಂತ ಬರೆದಿರ್ತದೆ. ಪರದೆಯ ಬಲ ಮೂಲೆಯಲ್ಲಿ ಟೆಸ್ಟ್ ಮೋಡ್ ಅಂತ ಕಾಣ್ತದೆ. ಇದೇ ಕಂಪ್ಯೂಟರಿನಲ್ಲಿ ಬ್ಯಾಂಕಿನದ್ದೂ ಮಾಡ್ತೇವೆ.

ತಂತ್ರಜ್ಞರು: ಮೊದಲು ಲ್ಯಾನ್ ವಯರ್ ಎಳೆದು ತೆಗೀರಿ. ಈಗಲೇ. ಆಮೇಲೆ ಓದಿ.

64 ಬಿಟ್ ವಿಂಡೋಸ್ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ (ವಿಂಡೋಸಿನ ತಿರುಳು) ಒಳಗೆ ಬಿಡುವುದಿಲ್ಲ. ಟೆಸ್ಟ್ ಮೋಡ್ ಹಾಕಿದರೆ ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಂಡ ಸರ್ಟಿಫಿಕೇಟಿನ ಸಹಿ ಸಾಕಾಗ್ತದೆ. ಅದು ತಾನಾಗಿ ಬರುವಂಥದ್ದಲ್ಲ. ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಬೂಟ್ ಆಗುವಾಗಲೇ ತಡೆಯುವ ವ್ಯವಸ್ಥೆ) ಇದ್ದ ಯಂತ್ರವಾದರೆ ಬಯೋಸಿಗೆ ಹೋಗಿ ಅದನ್ನೂ ಬಂದ್ ಮಾಡಿರಬೇಕು. ಅಸಲು ಶೇರ್‌ವೇರಿಗೆ ಇದು ಯಾವುದೂ ಬೇಡ, ಅದರ ಡ್ರೈವರಿಗೆ ಸರಿಯಾದ ಸಹಿ ಇರ್ತದೆ. ಲೈಸೆನ್ಸ್ ಪರೀಕ್ಷೆಯನ್ನು ಮುರಿಯಲಿಕ್ಕೆ ಫೈಲನ್ನೇ ತಿದ್ದಿದ್ದಾರೆ, ತಿದ್ದಿದ ಕೂಡಲೇ ಸಹಿ ಮುರಿದಿದೆ, ಅದಕ್ಕೇ ಟೆಸ್ಟ್ ಮೋಡ್.

ನೀಲಿ ಪರದೆಯ ಎನ್‌ಡಿಐಎಸ್ ಅಂದರೆ ವಿಂಡೋಸಿನ ನೆಟ್‌ವರ್ಕ್ ಡ್ರೈವರ್ ಪದರ. ಈ ಜಾತಿಯ ಡ್ರೈವರ್ ಕೂರುವುದು ಟಿಸಿಪಿ ಮತ್ತು ಲ್ಯಾನ್ ಕಾರ್ಡಿನ ನಡುವೆ. ಒಳಗೆ ಹೊರಗೆ ಹೋಗುವ ಪ್ರತಿ ಪ್ಯಾಕೆಟ್ ಅದರ ಕೈದಾಟಿಯೇ ಹೋಗಬೇಕು. ಅಸಲು ಪ್ರತಿ ಮಾಡುವ ಕೆಲಸ ಒಳ್ಳೆಯದೇ: ಡೇಟಾ ತಲುಪಿತು ಅಂತ ಹೇಳುವ ಸಣ್ಣ ಅಕ್ ಪ್ಯಾಕೆಟ್‌ಗಳನ್ನು ಸಾಲಿನಲ್ಲಿ ಮುಂದೆ ಬಿಡ್ತದೆ, ಅಪ್‌ಲೋಡ್ ತುಂಬಿದ್ದರೂ ಡೌನ್‌ಲೋಡ್ ನಿಲ್ಲುವುದಿಲ್ಲ. ಆದರೆ ತಿದ್ದಿದ ಪ್ರತಿ ಕರ್ನೆಲ್ ಒಳಗಿದ್ದರೆ ಕೀಬೋರ್ಡ್, ಮೆಮೊರಿ ಎರಡೂ ಅದಕ್ಕೆ ತೆರೆದೇ ಇರ್ತದೆ. ಬ್ಯಾಂಕಿನ ಸೈಟಿಗೆ ಬೀಗದ ಗುರುತು ಉಂಟು ಅಂತ ಧೈರ್ಯ ಪಡಬೇಡಿ, ನೀವು ಒತ್ತಿದ ಅಕ್ಷರ ಬೀಗಕ್ಕೆ ಮೊದಲೇ ಸಿಗ್ತದೆ.

ಮಾಡಬೇಕಾದ್ದು: ಬೇರೆ ಫೋನಿನಿಂದ, ಬೇರೆ ನೆಟ್‌ನಲ್ಲಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಬಿಲ್ಲಿಂಗಿನ ಡೇಟಾ ಫೋಲ್ಡರ್ ಮಾತ್ರ ಪೆನ್‌ಡ್ರೈವಿಗೆ ಹಾಕಿ, ಇಎಕ್ಸ್‌ಇ ಫೈಲ್ ಒಂದೂ ಬೇಡ. ಆಮೇಲೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸತಾಗಿ ಹಾಕಿ, ಸೆಕ್ಯೂರ್ ಬೂಟ್ ತಿರುಗಿ ಆನ್ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹೇಗೂ ಹಾಕುವಾಗ 11 ನಡೆಯುವ ಯಂತ್ರವಾ ನೋಡಿ.

ಬಂಟ್ವಾಳ: ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದಾ ಸರ್? ಸೀಸನ್ ಸಮಯ, ಅಂಗಡಿ ನಿಲ್ಲಿಸ್ಲಿಕ್ಕೆ ಕಷ್ಟ.

ತಂತ್ರಜ್ಞರು: ಬರೀ ಆಟಕ್ಕೆ ಇಟ್ಟ ಕಂಪ್ಯೂಟರ್ ಆದರೆ ನೀಲಿ ಪರದೆ ನಿಲ್ಲಿಸ್ಲಿಕ್ಕೆ ಅಷ್ಟು ಸಾಕು ಅಂತಿದ್ದೆ. ಲ್ಯಾನ್ ಪ್ರಾಪರ್ಟೀಸಿನಲ್ಲಿ ಆ ಫಿಲ್ಟರಿನ ಗುರುತು ತೆಗೆದು, ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸಿನ ಪಿಎನ್‌ಪಿಯುಟಿಲ್ ಕಮಾಂಡಿನಲ್ಲಿ ಉಳಿದ ಐಎನ್‌ಎಫ್ (ಡ್ರೈವರ್ ಮಾಹಿತಿ) ಫೈಲ್ ಹುಡುಕಿ ಅಳಿಸಿ, ಟೆಸ್ಟ್ ಮೋಡ್ ಬಂದ್. ಆದರೆ ಕ್ರ್ಯಾಕ್ ಜೊತೆ ಇನ್ನೆಂತ ಒಳಗೆ ಬಂದಿದೆ ಅಂತ ಅನ್‌ಇನ್‌ಸ್ಟಾಲರಿಗೆ ಗೊತ್ತಿರುವುದಿಲ್ಲ. ಬ್ಯಾಂಕ್ ಮಾಡುವ ಯಂತ್ರಕ್ಕೆ ಆಗುವುದಿಲ್ಲ. ಒಂದು ಮಧ್ಯಾಹ್ನದ ಕೆಲಸ, ಮಾಡಿ.

ಕಾರ್ಕಳ: ಕ್ರ್ಯಾಕ್ ಎಂತಕ್ಕೆ? ಶೇರ್‌ವೇರ್ 30 ದಿನ ಫ್ರೀ. ಮುಗಿಯುವಾಗ ಕಂಪ್ಯೂಟರಿನ ದಿನಾಂಕ ಹಿಂದೆ ಹಾಕಿದರೆ ಆಯ್ತು.

ಮಲ್ಪೆ: ಅದೂ ಕಳ್ಳತನವೇ ಮಾರಾಯ್ರೆ. ಬಳಸಿ ನೋಡಿ, ಇಷ್ಟವಾದರೆ ದುಡ್ಡು ಕೊಡಿ ಅಂತ ನಂಬಿ ಕೊಟ್ಟದ್ದು.

ಕಾರ್ಕಳ: ಕೊಟ್ಟದ್ದು ಅವರೇ, ಬಿಟ್ಟಿಯಾಗಿ. ನಾನು ಕದ್ದದ್ದು ಎಲ್ಲಿ?

ಮಲ್ಪೆ: ಬಿಟ್ಟಿ ಕೊಡುವುದಕ್ಕೆ ಫ್ರೀವೇರ್ ಅಂತಾರೆ. ಶೇರ್‌ವೇರಿನಲ್ಲಿ ಬಿಟ್ಟಿ ಇರುವುದು ಪರೀಕ್ಷೆಯ ಅವಧಿ ಮಾತ್ರ. ನಿಮ್ಮ ಅಂಗಡಿಯಲ್ಲಿ ಸೀರೆ ನೋಡ್ಲಿಕ್ಕೆ ಕೊಟ್ಟರೆ ಉಟ್ಟುಕೊಂಡು ಹೋಗ್ತಾರಾ?

ತಂತ್ರಜ್ಞರು: ದಿನಾಂಕ ಹಿಂದೆ ಹಾಕುವುದು ಬೇಡವೇ ಬೇಡ. ಸೈಟುಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರ್ತದೆ. ಗಡಿಯಾರ ಹಿಂದೆ ಹೋದರೆ ಹೊಸ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಅಂತಾಗಿ ಬ್ಯಾಂಕ್, ಜಿಎಸ್‌ಟಿ ಎಲ್ಲ ಎರರ್ ಕೊಡ್ತದೆ. ಬಿಲ್ಲಿಗೂ ತಪ್ಪು ತಾರೀಕು ಬೀಳ್ತದೆ.

ಪಡುಬಿದ್ರಿ: ಸರ್ ನೆಟ್ ಸ್ಲೋ ಉಂಟು, ಎಂತ ಮಾಡ್ಲಿ?

ತಂತ್ರಜ್ಞರು: ಅಡ್ಮಿನ್ ಮೊದಲು ಹಾಕಿದ್ದು ಓದಿ.

ಉಳ್ಳಾಲ: ಸರ್ ಸಿಸಿ ಕ್ಯಾಮೆರಾ ಮನೆಯೊಳಗೆ ಕಾಣ್ತದೆ, ಹೊರಗಿಂದ ಕಾಣುವುದಿಲ್ಲ. ಪೋರ್ಟ್ ಫಾರ್ವರ್ಡ್ ಮಾಡಿಯಾಗಿದೆ.

ಮಣಿಪಾಲ ಲ್ಯಾಬ್: ಸರ್, ಸ್ವಲ್ಪ ಬೇರೆ ಪ್ರಶ್ನೆ. ವಿಂಡೋಸ್ 98ರ ಎರಡು ಕಂಪ್ಯೂಟರ್ ಉಂಟು, ಎರಡರಲ್ಲೂ ಫ್ರಿಟ್ಜ್ ಐಎಸ್‌ಡಿಎನ್ ಪಿಸಿಐ ಕಾರ್ಡ್. ಮೇಲೆ ಸಿಫಾಸ್ ಶೇರ್‌ವೇರ್ ಡ್ರೈವರ್. ವಿದ್ಯಾರ್ಥಿಗಳಿಗೆ ಡಿ ಚಾನೆಲಿನಲ್ಲಿ ಕರೆ ಏರ್ಪಡುವುದನ್ನು ನಿಜವಾದ ಯಂತ್ರದಲ್ಲಿ ತೋರಿಸಬೇಕು. ಎಕ್ಸ್‌ಚೇಂಜ್ ಲೈನ್ ಇಲ್ಲ. ಎರಡೂ ಕಾರ್ಡನ್ನು ಒಂದು ಕೇಬಲ್‌ನಲ್ಲಿ ನೇರ ಜೋಡಿಸಿದೆವು, 3301 ಎರರ್ ಬರ್ತದೆ.

ತಂತ್ರಜ್ಞರು: ಇದು ಒಳ್ಳೆಯ ಪ್ರಶ್ನೆ, ಬಿಡಿಸಿ ಬರೀತೇನೆ.

ಹೊಸಬರಿಗೆ ಒಂದು ಮಾತು: ಐಎಸ್‌ಡಿಎನ್ ಅಂದರೆ ಹಳೇ ಡಿಜಿಟಲ್ ಫೋನ್ ಲೈನ್. ಕರೆ ಏರ್ಪಡಿಸುವ ಸಂಕೇತ ಡಿ ಚಾನೆಲಿನಲ್ಲಿ, ಡೇಟಾ 64 ಕಿಲೋಬಿಟ್‌ನ ಬಿ ಚಾನೆಲಿನಲ್ಲಿ ಹೋಗ್ತದೆ. ಕಾರ್ಡಿನ ಜೊತೆ ಬರುವ ಡ್ರೈವರ್ ಕ್ಯಾಪಿ 2.0 ಅನ್ನುವ ಭಾಷೆ ಮಾತ್ರ ಆಡ್ತದೆ. ಆಗಿನ ಡಯಲರ್, ಟರ್ಮಿನಲ್ ಪ್ರೋಗ್ರಾಮುಗಳಿಗೆ ಗೊತ್ತಿದ್ದದ್ದು ಮೋಡೆಮಿನ ಕಾಮ್ ಪೋರ್ಟ್ ಮತ್ತು ಎಟಿ ಕಮಾಂಡ್. ಸಿಫಾಸ್ ಜಾತಿಯ ಡ್ರೈವರ್ ನಡುವೆ ಕೂತು, ಮೇಲಿನವರಿಗೆ ಮೋಡೆಮ್ ಆಗಿ ಕಾಣ್ತದೆ, ಕೆಳಗೆ ಕ್ಯಾಪಿ ಆಡ್ತದೆ.

ಇನ್ನು ನಿಮ್ಮ 3301. ಅದು ಮೊದಲನೇ ಪದರದ ದೋಷ, ಅಂದರೆ ವಯರಿನ ಮಟ್ಟದ್ದು. ಶೇರ್‌ವೇರಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಎರಡೂ ಕಾರ್ಡ್ ಟರ್ಮಿನಲ್ ಕಡೆಯವು. ಎಸ್ ಬಸ್ಸಿನಲ್ಲಿ (ಕಾರ್ಡುಗಳು ಸೇರುವ ನಾಲ್ಕು ತಂತಿಯ ಲೈನ್) 192 ಕಿಲೋಬಿಟ್ ಗಡಿಯಾರ ಕೊಡುವುದು ಎನ್‌ಟಿ, ಅಂದರೆ ಎಕ್ಸ್‌ಚೇಂಜ್ ಕಡೆಯ ಕೆಲಸ, ಟರ್ಮಿನಲ್ ಅದನ್ನು ಹಿಂಬಾಲಿಸ್ತದೆ ಅಷ್ಟೆ. ಇಬ್ಬರೂ ಗಡಿಯಾರಕ್ಕೆ ಕಾಯ್ತಾ ಕೂತರೆ ಲೈನ್ ಏಳುವುದೇ ಇಲ್ಲ. ಎದ್ದರೂ ಕರೆಯನ್ನು ಅತ್ತಿಂದಿತ್ತ ದಾಟಿಸುವ ಎಕ್ಸ್‌ಚೇಂಜ್ ನಡುವೆ ಇಲ್ಲ.

ದಾರಿ ಎರಡು. ಸುಲಭದ್ದು, ಒಳಗಿನ ಎಸ್0 ಪೋರ್ಟ್ (ಎಸ್ ಬಸ್ಸಿನದ್ದು) ಇರುವ ಹಳೇ ಇಪಿಎಬಿಎಕ್ಸ್, ಅಂದರೆ ಕಚೇರಿಯ ಒಳ ಎಕ್ಸ್‌ಚೇಂಜ್ ಹುಡುಕುವುದು. ಎರಡೂ ಕಾರ್ಡನ್ನು ಒಂದೇ ಬಸ್ಸಿಗೆ ಹಾಕಿ ಬೇರೆ ಬೇರೆ ಎಂಎಸ್‌ಎನ್ (ಫೋನ್ ನಂಬ್ರ) ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ಕರೆ ಹೋಗ್ತದೆ. ಆದರೆ ಬಸ್ಸಿನಲ್ಲಿ ಇರುವುದೇ ಎರಡು ಬಿ ಚಾನೆಲ್. ಕರೆ ಮಾಡಿದವರಿಗೆ ಒಂದು, ತೆಗೆದವರಿಗೆ ಒಂದು. ವೇಗ 64 ಕಿಲೋಬಿಟ್‌ಗೇ ಮುಗೀತದೆ. ಎರಡು ಚಾನೆಲ್ ಸೇರಿಸಿ 128 ತೋರಿಸಬೇಕಾದರೆ ಎರಡು ಪೋರ್ಟ್ ಬೇಕು.

ಎರಡನೇ ದಾರಿ ಲಿನಕ್ಸ್ ಯಂತ್ರವನ್ನು ಎನ್‌ಟಿ ಮಾಡುವುದು. ಅದಕ್ಕೆ ಫ್ರಿಟ್ಜ್ ಆಗುವುದಿಲ್ಲ, ಎಚ್‌ಎಫ್‌ಸಿ ಚಿಪ್ ಇರುವ ಕಾರ್ಡ್ ಬೇಕು, ಎಂಐಎಸ್‌ಡಿಎನ್ ಡ್ರೈವರ್ ಬೇಕು. ಹಳೇ ಐಎಸ್‌ಡಿಎನ್4ಲಿನಕ್ಸ್ ಪಾಠ ನೋಡಿ ಮಾಡ್ಲಿಕ್ಕೆ ಹೋಗಬೇಡಿ, ಅದನ್ನು 2019ರಲ್ಲಿ 5.3 ಕರ್ನೆಲಿನಿಂದ ತೆಗೆದಾಗಿದೆ. ಕೇಬಲ್ ಕ್ರಾಸ್ ಆಗಬೇಕು: ಒಂದು ತುದಿಯ 3 ಇನ್ನೊಂದರ 4ಕ್ಕೆ, 4 ಹೋಗಿ 3ಕ್ಕೆ, 5 ಹೋಗಿ 6ಕ್ಕೆ, 6 ಹೋಗಿ 5ಕ್ಕೆ. ಅಂಗಡಿಯ ಲ್ಯಾನ್ ಕ್ರಾಸ್ ಕೇಬಲ್ ಆಗುವುದಿಲ್ಲ, ಅದು 1, 2ನ್ನು 3, 6ರ ಜೊತೆ ಅದಲು ಬದಲು ಮಾಡಿರ್ತದೆ. ಬಸ್ಸಿನ ತುದಿಯಲ್ಲಿ 3–6ರ ನಡುವೆ ಒಂದು, 4–5ರ ನಡುವೆ ಒಂದು 100 ಓಮ್ ರೆಸಿಸ್ಟರ್. ಎರಡು ಮೀಟರಿನ ಕೇಬಲಿನಲ್ಲಿ ಇಲ್ಲದೆಯೂ ನಡೆದೀತು, ಉದ್ದ ಹೆಚ್ಚಾದ ಹಾಗೆ ಸಿಗ್ನಲ್ ತುದಿಯಿಂದ ತಿರುಗಿ ಬಂದು ಫ್ರೇಮ್ ಕೆಡ್ತದೆ.

ಕಾರ್ಕಳ: 128ಕ್ಕೆ ಇಷ್ಟು ಒದ್ದಾಟವಾ? 56 ಕೆ ಮೋಡೆಮ್ ಎರಡು ಹಾಕಿದರೆ ಹೆಚ್ಚು ಕಡಿಮೆ ಅಷ್ಟೇ ಆಯ್ತಲ್ಲ.

ತಂತ್ರಜ್ಞರು: ಆಗಲಿಲ್ಲ. 56 ಅನ್ನುವುದು ಬರುವ ದಿಕ್ಕಿಗೆ ಮಾತ್ರ, ಅದೂ ಆ ತುದಿ ಡಿಜಿಟಲ್ ಲೈನಿನಲ್ಲಿ ಇದ್ದರೆ. ಎರಡು ಮೋಡೆಮ್ ಎದುರುಬದುರು ಇಟ್ಟರೆ 33.6. ಐಎಸ್‌ಡಿಎನ್ 64 ಎರಡೂ ದಿಕ್ಕಿಗೆ, ಕರೆ ಸೇರುವುದು ಒಂದೆರಡು ಸೆಕೆಂಡಿನಲ್ಲಿ.

ಕಾರ್ಕಳ: ಈಗ ಯಾರಿಗೆ ಬೇಕು ಇದೆಲ್ಲ. ಗುಂಪಿನ ಸಮಯ ಹಾಳು.

ಮಲ್ಪೆ: ನಿಮಗೆ ಬೇಡದಿದ್ದರೆ ಓದಬೇಡಿ. ದಿನಾಂಕ ಹಿಂದೆ ಹಾಕುವ ವಿದ್ಯೆ ಕಲಿಸುವವರು ಸಮಯದ ಮಾತು ಆಡುವುದು ಬೇಡ.

ಕಾರ್ಕಳ: ನೀವು ಎಲ್ಲದಕ್ಕೂ ದುಡ್ಡು ಕೊಟ್ಟೇ ಹಾಕಿದ್ದಾ? ರಶೀದಿ ತೋರಿಸಿ ನೋಡುವ.

ಅಡ್ಮಿನ್: ಇಬ್ಬರೂ ಸಾಕು. ಮುಂದಿನ ಮಾತಿಗೆ ಇಬ್ಬರನ್ನೂ ಒಂದು ದಿನ ಹೊರಗಿಡ್ತೇನೆ.

ಉಳ್ಳಾಲ: ಸರ್ ಕ್ಯಾಮೆರಾದ್ದು??

ಮೂಡುಬಿದಿರೆ: ಅಕ್ಕನ ಮಗ ಜರ್ಮನಿಯಿಂದ ಎಡಿಎಸ್‌ಎಲ್ ಫ್ರಿಟ್ಜ್ ಬಾಕ್ಸ್ ತಂದ. ನಮ್ಮ ತಾಮ್ರದ ಲೈನಿಗೆ ಲಿಂಕ್ ದೀಪ ಮಿನುಗ್ತದೆ, ನಿಲ್ಲುವುದಿಲ್ಲ. ಲೈನ್ ಸೆಟ್ಟಿಂಗಿನ ನಂಬ್ರ ವಿಪಿಐ 0, ವಿಸಿಐ 35 ಕೊಟ್ಟಿದ್ದೇನೆ.

ತಂತ್ರಜ್ಞರು: ಅಲ್ಲಿ ಎಡಿಎಸ್‌ಎಲ್ ಐಎಸ್‌ಡಿಎನ್ ಮೇಲೆ ಹೋಗ್ತಿತ್ತು, ಆ ಮಾದರಿಗೆ ಅನೆಕ್ಸ್ ಬಿ ಅಂತಾರೆ. ಅಪ್‌ಲೋಡ್ ಶುರುವಾಗುವುದೇ 138 ಕಿಲೋಹರ್ಟ್ಸ್‌ನಿಂದ. ನಮ್ಮದು ಅನೆಕ್ಸ್ ಎ, ಅಪ್‌ಲೋಡ್ ಅಲ್ಲಿಗೆ ಮುಗೀತದೆ. ವಿಸಿಐ ಯಾವುದು ಕೊಟ್ಟರೂ ಸೇರುವುದಿಲ್ಲ. ಮೆನುವಿನಲ್ಲಿ ಅನೆಕ್ಸ್ ಎ ಆಯ್ಕೆ ಇದ್ದರೆ ಹಾಕಿ, ಇಲ್ಲದಿದ್ದರೆ ಮೋಡೆಮ್ ಭಾಗ ಬಿಟ್ಟು ವೈಫೈಗೆ ಮಾತ್ರ ಬಳಸಿ.

ಹಂಪನಕಟ್ಟೆ: ಇದು ಸುಳ್ಳಲ್ಲ, ನನ್ನ ಭಾವನಿಗೆ ಆಗಿದೆ 👇 *ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್! ಡೌನ್‌ಲೋಡ್ ಮಾಡಿ…*

ತಂತ್ರಜ್ಞರು: ಲಿಂಕ್ ಒತ್ತಬೇಡಿ, ಯಾರೂ. ಲ್ಯಾನ್ ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್ ಅಥವಾ ಕಂಪ್ಯೂಟರ್ ಮಾಡಿದ ಕಂಪನಿಯ ಪುಟ, ಮೂರನೆಯದ್ದಿಲ್ಲ. ಬಂಟ್ವಾಳದವರ ಕತೆ ಇಲ್ಲೇ ಮೇಲೆ ಉಂಟು, ಅದನ್ನು ಓದಿದ ಮೇಲೂ ಇದನ್ನು ಹಾಕ್ತೀರಲ್ಲ.

ಪಡುಬಿದ್ರಿ: ಓದಿದೆ ಸರ್. ನೆಟ್ ಸ್ಲೋ ಉಂಟು, ವಿಂಡೋಸ್ 11.

ತಂತ್ರಜ್ಞರು: ವಯರ್ ಹಾಕಿ ಅಳೆದು ಹೇಳಿ. ವೈಫೈಯದ್ದು ಬೇಡ.

ಮಣಿಪಾಲ ಲ್ಯಾಬ್: ಸರ್, ಪಕ್ಕದ ವಿಭಾಗದಲ್ಲಿ ಎಸ್0 ಇರುವ ಇಪಿಎಬಿಎಕ್ಸ್ ಸಿಕ್ಕಿತು. ಮೊದಲು ಕರೆ ಮಾಡಿದ ಕೂಡಲೇ 34ಡಿ8 ಬಂದು ಕಟ್ ಆಯ್ತು. ಎಕ್ಸ್‌ಟೆನ್ಶನ್ ಬದಲಿಸಿದೆವು, ಈಗ ಕನೆಕ್ಟ್ ಆಗ್ತದೆ, ಆದರೆ ಒಂದಕ್ಷರವೂ ದಾಟದೆ ಸ್ವಲ್ಪ ಹೊತ್ತಿಗೆ 3490 ಬರ್ತದೆ.

ತಂತ್ರಜ್ಞರು: 34ರಿಂದ ಶುರುವಾಗುವ ನಂಬ್ರದ ಕೊನೆಯ ಎರಡು ಅಂಕಿಯಿಂದ ಹೆಕ್ಸ್ 80 ಕಳೆಯಿರಿ, ಎಕ್ಸ್‌ಚೇಂಜ್ ಹೇಳಿದ ಕಾರಣ ಸಿಗ್ತದೆ. ಡಿ8ರಲ್ಲಿ ಕಳೆದರೆ 58, ದಶಮಾಂಶದಲ್ಲಿ 88, ಅಂದರೆ ಆ ತುದಿ ಈ ಜಾತಿಯ ಕರೆಗೆ ಹೊಂದುವುದಿಲ್ಲ. ನಿಮ್ಮ ಮೊದಲಿನ ಎಕ್ಸ್‌ಟೆನ್ಶನ್ ಧ್ವನಿಗೆ ಮಾತ್ರ ಇದ್ದಿರಬೇಕು. 90 ಅಂದರೆ 16, ಮಾಮೂಲಿ ಮುಕ್ತಾಯ. ಯಾರೋ ಒಬ್ಬರು ಫೋನ್ ಇಟ್ಟರು ಅಷ್ಟೆ, ಲೈನಿನ ತಪ್ಪಿಲ್ಲ.

ಅಕ್ಷರ ದಾಟದಿದ್ದರೆ ಬಿ ಚಾನೆಲಿನ ಪ್ರೊಟೊಕಾಲ್ ಎರಡು ತುದಿಯಲ್ಲಿ ಬೇರೆ ಬೇರೆ ಉಂಟು. ಒಂದರಲ್ಲಿ ಎಕ್ಸ್.75, ಇನ್ನೊಂದರಲ್ಲಿ ಇಂಟರ್ನೆಟ್‌ಗೆ ಹಾಕುವ ಎಚ್‌ಡಿಎಲ್‌ಸಿ ಇರಬೇಕು. ಡಿ ಚಾನೆಲಿಗೆ ಇದರ ಪರಿವೆ ಇಲ್ಲ, ಅದು ಕರೆ ಸೇರಿಸಿ ಸುಮ್ಮನಾಗ್ತದೆ. ಟರ್ಮಿನಲ್‌ನಿಂದ ಫೈಲ್ ಕಳಿಸುವುದಾದರೆ ಎರಡೂ ಕಡೆ ಎಕ್ಸ್.75 ಮಾಡಿ. ಡಯಲಪ್ ನೆಟ್‌ವರ್ಕಿಂಗ್ ತೋರಿಸುವುದಾದರೆ ಎರಡೂ ಕಡೆ ಎಚ್‌ಡಿಎಲ್‌ಸಿ, ಆಗ ಒಂದು ಯಂತ್ರ ಡಯಲಪ್ ಸರ್ವರ್ ಆಗಬೇಕು. ಡಿ ಚಾನೆಲ್ ಪ್ರೊಟೊಕಾಲ್ ಡಿಎಸ್‌ಎಸ್1 ಅಂತಲೇ ಇರಲಿ. ಫ್ಯಾಕ್ಸ್ ಪ್ರೋಗ್ರಾಮ್ ಹಿಂದೆ ಓಡ್ತಾ ಇದ್ದರೆ ಮುಚ್ಚಿ, ಬರುವ ಕರೆಯನ್ನು ಅದು ಮೊದಲೇ ತೆಗೆದುಬಿಡ್ತದೆ. ಎರಡೂ ಕಡೆಯ ಇನಿಶಿಯಲೈಸೇಶನ್ ಸಾಲನ್ನು ಇಲ್ಲಿ ಹಾಕಿ, ನೋಡ್ತೇನೆ.

ಉಳ್ಳಾಲ: ಮೂರನೇ ಸಲ ಕೇಳ್ತಾ ಇದ್ದೇನೆ. 98ರ ಕಂಪ್ಯೂಟರಿಗೆ ಪುಟಗಟ್ಟಲೆ ಉತ್ತರ, ನಮಗೆ ಒಂದು ಸಾಲೂ ಇಲ್ಲ.

ಮಣಿಪಾಲ ಲ್ಯಾಬ್: ಒಂದರಲ್ಲಿ ಎಕ್ಸ್.75, ಇನ್ನೊಂದರಲ್ಲಿ ಎಚ್‌ಡಿಎಲ್‌ಸಿಯೇ ಇತ್ತು ಸರ್. ಎರಡೂ ಕಡೆ ಎಕ್ಸ್.75 ಮಾಡಿದೆವು, ಫೈಲ್ ಹೋಗ್ತಾ ಉಂಟು. ಸೆಕೆಂಡಿಗೆ 7.6 ಕಿಲೋಬೈಟ್ ತೋರಿಸ್ತದೆ. ಇದು ಸರಿಯಾ?

ತಂತ್ರಜ್ಞರು: ಸರಿ. 64,000 ಬಿಟ್‌ಗೆ 8,000 ಬೈಟ್, ಉಳಿದದ್ದು ಫ್ರೇಮಿನ ಖರ್ಚು. ಇನ್ನು ಒಂದು ಕಡೆ ಎಂಎಸ್‌ಎನ್ ಬೇಕೆಂದೇ ತಪ್ಪು ಹಾಕಿ ಕರೆ ಮಾಡಿಸಿ. ಎಕ್ಸ್‌ಚೇಂಜ್ ಸೆಟಪ್ (ಕರೆ ಬಂದಿದೆ ಅನ್ನುವ ಸಂದೇಶ) ಕಳಿಸ್ತದೆ, ಆ ಯಂತ್ರ ತನ್ನದಲ್ಲ ಅಂತ ಸುಮ್ಮನಿರ್ತದೆ. ಟ್ರೇಸ್‌ನಲ್ಲಿ (ಡಿ ಚಾನೆಲಿನ ಸಂದೇಶಗಳ ದಾಖಲೆ) ಅದನ್ನು ವಿದ್ಯಾರ್ಥಿಗಳಿಗೆ ತೋರಿಸಿ.